ಅಂಕಗಳಿಲ್ಲದ ಪದವಿಯಿಂದ ಮುಂದಿನ ಓದಿಗೆ ತೊಡಕಾಗುವುದೇ?

ಪ್ರಶ್ನೆ (ವಿರಾಜಪೇಟೆಯ ಪೋಷಕರು):
ಪಿಯುಸಿ ಮುಗಿಸಿರುವ ನನ್ನ ಮಗಳು ಅಮೆರಿಕದ ವಾಷಿಂಗ್ಟನ್ ರಾಜ್ಯದ ಎವರ್‌ಗ್ರೀನ್ ಸ್ಟೇಟ್ ಕಾಲೇಜಿಗೆ ಅರ್ಜಿ ಹಾಕಬೇಕೆಂದಿದ್ದಾಳೆ. ಅಲ್ಲಿ ಎ, ಬಿ ಎಂಬ ಶ್ರೇಣಿಗಳ ಬದಲು ಅಧ್ಯಾಪಕರು ಪ್ರತಿ ವಿದ್ಯಾರ್ಥಿಯ ಕಲಿಕೆಯ ಕುರಿತು ವಿವರವಾಗಿ ಬರೆದು ಕೊಡುತ್ತಾರಂತೆ. ಶೇಕಡಾವಾರು ಅಂಕವಿಲ್ಲದೆ ಹಿಂದಿರುಗಿದರೆ ಇಲ್ಲಿ ಎಂ.ಎಸ್ಸಿ.ಗೆ ಸೇರಿಸಿಕೊಳ್ಳುವರೇ?

ಉತ್ತರ (ಮಡಿಕೇರಿಯ ಉಪನ್ಯಾಸಕಿ):
ಪದ್ಧತಿಯಲ್ಲಿ ಹುರುಳಿದೆ. ನಮ್ಮ ಅಂಕಪಟ್ಟಿಯಲ್ಲಿ ಸಸ್ಯಶಾಸ್ತ್ರಕ್ಕೆ 62 ಎಂದಿದ್ದರೆ, ಆ ವಿದ್ಯಾರ್ಥಿಗೆ ಕಾಫಿ ಎಲೆಯ ತೆಳು ಸೀಳನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸಲು ಬರುತ್ತದೆಯೋ, ಕಂಡದ್ದನ್ನು ವರದಿಯಾಗಿ ಬರೆಯಲು ಬಾರದೋ ಎಂಬುದು ತಿಳಿಯುವುದಿಲ್ಲ. ಬರಹದ ಮೌಲ್ಯಮಾಪನ ಹೇಳುವುದು ಅದನ್ನೇ. ಎವರ್‌ಗ್ರೀನ್‌ನಲ್ಲಿ ವಿದ್ಯಾರ್ಥಿಗಳೂ ಸ್ವಮೌಲ್ಯಮಾಪನ ಬರೆಯುತ್ತಾರೆ, ಕ್ರೆಡಿಟ್‌ಗಳು (ಪದವಿ ಪಡೆಯಲು ಕೂಡಿಸಬೇಕಾದ ಕಲಿಕೆಯ ಎಣಿಕೆ) ಎಂದಿನಂತೆ ದೊರೆಯುತ್ತವೆ. ಆದರೆ ತರಗತಿ ದೊಡ್ಡದಾದಷ್ಟೂ ಇದು ಅಧ್ಯಾಪಕರಿಗೆ ಹೊರೆ (ಉತ್ತರಪತ್ರಿಕೆಗಳ ಕಟ್ಟು ಮುಗಿಸುವುದೇ ನಮಗೆ ಸಾಕುಸಾಕಾಗುತ್ತದೆ). 1965ರಲ್ಲಿ ಆರಂಭವಾದ ಸಾಂತಾಕ್ರೂಜ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವೂ ದಶಕಗಳ ಕಾಲ ಇದೇ ಪದ್ಧತಿಯನ್ನು ನಡೆಸಿ, ಕೊನೆಗೆ ಶ್ರೇಣಿಗಳನ್ನು ಕಡ್ಡಾಯಗೊಳಿಸಿತು.

ಉತ್ತರ (ಗೋಣಿಕೊಪ್ಪಲಿನ ಓದುಗರು):
ತೊಡಕಿರುವುದು ಅರ್ಜಿ ನಮೂನೆಯ ‘ಶೇಕಡಾವಾರು’ ಕಾಲಮ್ಮಿನಲ್ಲಿ. ಇಲ್ಲಿ ಸೀಟು ಹಂಚಿಕೆ ಬಹುತೇಕ ಅಂಕದ ಮೇಲೆಯೇ ನಡೆಯುತ್ತದೆ. ಪುಟಗಟ್ಟಲೆ ಪ್ರಶಂಸೆಯನ್ನು ಓದುವ ವ್ಯವಧಾನ ಗುಮಾಸ್ತರಿಗೆ ಇರುವುದಿಲ್ಲ. ಆದ್ದರಿಂದ ಮಗಳು ಮುಂದೆ ಸೇರಬಯಸುವ ವಿಶ್ವವಿದ್ಯಾಲಯದ ಕುಲಸಚಿವರಿಗೆ ಈಗಲೇ ಪತ್ರ ಬರೆದು, ತತ್ಸಮಾನತೆಯ ಬಗ್ಗೆ, ಎಂದರೆ ಆ ಪದವಿಯನ್ನು ಇಲ್ಲಿನ ಪದವಿಗೆ ಸಮವೆಂದು ಒಪ್ಪುವರೇ ಎಂಬ ಬಗ್ಗೆ, ಲಿಖಿತ ಉತ್ತರವನ್ನೇ ಪಡೆಯಿರಿ. ಬಾಯಿಮಾತಿನ ಭರವಸೆ ನಂಬಬೇಡಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಶುಲ್ಕ ಕಟ್ಟುವ ಮೊದಲೇ ಪತ್ರ ಬರೆಯುತ್ತೇನೆ.