ಜರ್ಮನಿಯವರು ಗಡಿಯಾರ ಯಾಕೆ ತಿರುಗಿಸ್ತಾರೆ?

ಬಿಸಿಲೂರು (ಕಲಬುರಗಿ):
ನನ್ನ ತಮ್ಮ ಬರ್ಲಿನ್‌ನಲ್ಲಿ ಓದುತ್ತಿದ್ದಾನೆ. ಚಳಿಗಾಲ ಪೂರ್ತಿ ಭಾನುವಾರ ರಾತ್ರಿ ಎಂಟೂವರೆಗೆ ಫೋನ್ ಬರುತ್ತಿತ್ತು, ಅಲ್ಲಿ ಆಗ ಸಂಜೆ ನಾಲ್ಕು. ಮಾರ್ಚ್ ಕೊನೆಯ ಭಾನುವಾರ ಏಳೂವರೆಗೇ ಬಂತು. ಅವ್ವ ರೊಟ್ಟಿ ಬಡಿಯುತ್ತಿದ್ದಳು, ಏನಾಯ್ತೋ ಏನೋ ಅಂತ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಇವನು ನೋಡಿದರೆ ನಗುತ್ತಾನೆ, "ನಾನು ನಾಲ್ಕಕ್ಕೇ ಮಾಡಿದ್ದು, ಇಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಇಟ್ಟಿದ್ದಾರೆ" ಅಂತ. ಇದೇನ್ರಿ ಇದು? ಯಾವಾಗಿಂದ ಶುರು? ನಮ್ಮಲ್ಲಿ ಯಾಕಿಲ್ಲ?

ಕೋಟೆ ಹುಡುಗ (ಬೀದರ್):
ಅಣ್ಣಾ, ಇದನ್ನ ಇಡೀ ದೇಶಕ್ಕೆ ಮೊದಲು ತಂದವರೇ ಅವರು, ಜೊತೆಗೆ ಆಸ್ಟ್ರಿಯಾ-ಹಂಗೇರಿ. 1916ರ ಏಪ್ರಿಲ್ 30, ರಾತ್ರಿ 11 ಹೊಡೆದಾಗ 12 ಅಂತ ಮಾಡಿದರು. ಮಹಾಯುದ್ಧದ ಕಾಲ, ಸಂಜೆ ದೀಪ ತಡವಾಗಿ ಹಚ್ಚಿದರೆ ಕಲ್ಲಿದ್ದಲು ಉಳಿಯುತ್ತೆ ಅನ್ನೋ ಲೆಕ್ಕ. ಕೆಲವೇ ವಾರದಲ್ಲಿ ಬ್ರಿಟನ್ನಿನವರೂ ಅದನ್ನೇ ಮಾಡಿದರು, ವೈರಿ ಆದರೇನು! ಯುದ್ಧ ಮುಗಿದ ಮೇಲೆ ಜರ್ಮನಿಯವರು ಬಿಟ್ಟರು, 1940ರಲ್ಲಿ ಮತ್ತೆ ತಂದರು. 1947ರಲ್ಲಂತೂ ಕೆಲವು ವಾರ ಎರಡು ಗಂಟೆ ಮುಂದೆ ಇಟ್ಟಿದ್ದರು. 1949ರ ನಂತರ ಮೂವತ್ತು ವರ್ಷ ಸುದ್ದಿಯೇ ಇಲ್ಲ. ತೈಲದ ಬಿಕ್ಕಟ್ಟು ಬಂತು, ಅಕ್ಕಪಕ್ಕದ ದೇಶದವರೂ ಶುರು ಮಾಡಿದರು, ಕೊನೆಗೆ 1980ರ ಏಪ್ರಿಲ್ 6ಕ್ಕೆ ಪೂರ್ವ, ಪಶ್ಚಿಮ ಎರಡೂ ಜರ್ಮನಿ ಒಂದೇ ದಿನ ತಿರುಗಿಸಿದವು. ಇಲ್ಲದಿದ್ದರೆ ಬರ್ಲಿನ್ ಗೋಡೆಯ ಈ ಕಡೆ ಒಂದು ಟೈಮ್, ಆ ಕಡೆ ಇನ್ನೊಂದು ಆಗುತ್ತಿತ್ತು.

ಜೋಳದ ರೊಟ್ಟಿ (ಯಾದಗಿರಿ):
ನಮ್ಮಲ್ಲಿ ಇಲ್ಲವೇ ಇಲ್ಲ ಅನ್ನಬೇಡಿ. ಎರಡನೇ ಮಹಾಯುದ್ಧದಲ್ಲಿ, 1942ರಿಂದ 1945ರವರೆಗೆ, ಇಲ್ಲೂ ಒಂದು ಗಂಟೆ ಮುಂದೆ ಇಟ್ಟಿದ್ದರು. ಆದರೆ ಅದರಿಂದ ನಮಗೆ ಸಿಗೋದೇನು? ಬರ್ಲಿನ್‌ನಲ್ಲಿ ಜೂನ್ ಹಗಲು ಹತ್ತಿರ ಹತ್ತಿರ 17 ಗಂಟೆ, ಡಿಸೆಂಬರಿನಲ್ಲಿ 8 ಗಂಟೆಯೂ ಇಲ್ಲ. ಗಡಿಯಾರ ಮುಟ್ಟದಿದ್ದರೆ ಜೂನ್‌ನಲ್ಲಿ ನಾಲ್ಕರ ಒಳಗೇ ಸೂರ್ಯ ಹುಟ್ಟಿ, ಮಂದಿ ಮಲಗಿರುವಾಗಲೇ ಬೆಳಕು ಸುಮ್ನೆ ಹೋಗುತ್ತೆ. ನಮ್ಮದು 11ರಿಂದ 13 ಗಂಟೆ, ಅಷ್ಟೇ.

ಮತ್ತೆ ಏಪ್ರಿಲ್-ಮೇ ಬಂತೆಂದರೆ ನಮ್ಮ ಕಡೆ ಸರ್ಕಾರಿ ಆಫೀಸು ಬೆಳಿಗ್ಗೆ 8ಕ್ಕೆ ತೆಗೆದು ಒಂದೂವರೆಗೆ ಮುಚ್ಚೋದಿಲ್ವಾ? ಅವರು ಗಡಿಯಾರ ಸರಿಸ್ತಾರೆ, ನಾವು ಆಫೀಸನ್ನೇ ಸರಿಸ್ತೀವಿ. ಅವರಿಗೆ ಬಿಸಿಲು ಬೇಕು, ನಮಗೆ ಬಿಸಿಲು ಸಾಕಾಗಿದೆ. ನಮ್ಮಲ್ಲಿ ಗಡಿಯಾರ ಮುಂದೆ ಇಟ್ಟರೆ ಸಂಜೆ ಏಳೂವರೆಗೂ ಬೆಳಕಿರುತ್ತೆ, ಯಾರಿಗೆ ಬೇಕ್ರಿ ಅದು?

ಕೋಟೆ ಹುಡುಗ (ಬೀದರ್):
ಅಕ್ಕಾ, ಅದು ಖರೆ. ಅವರಿಗೂ ಸಾಕಾಗಿದೆ ಅನ್ನಿ. 2018ರಲ್ಲಿ ಯುರೋಪಿಯನ್ ಒಕ್ಕೂಟ ಜನರನ್ನ ಕೇಳಿತ್ತು, 46 ಲಕ್ಷ ಉತ್ತರ ಬಂದವು, 84 ಪರ್ಸೆಂಟ್ ಮಂದಿ ಈ ತಿರುಗಿಸಾಟ ಬೇಡ ಅಂದರು. ಆ ಉತ್ತರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜರ್ಮನಿಯವು. 2019ರಲ್ಲಿ ಒಕ್ಕೂಟದ ಪಾರ್ಲಿಮೆಂಟೂ ತೆಗೆದುಹಾಕಿ ಅಂತ ಮತ ಹಾಕಿತು. ಆಮೇಲೆ ದೇಶದೇಶಗಳ ನಡುವೆ ಒಪ್ಪಂದ ಆಗದೆ ಅಲ್ಲೇ ನಿಂತಿತು.

ಬಿಸಿಲೂರು (ಕಲಬುರಗಿ):
ಅವ್ವನಿಗೆ ಎಲ್ಲಾ ಓದಿ ಹೇಳಿದೆ. ಯುದ್ಧ, ಕಲ್ಲಿದ್ದಲು ಯಾವುದೂ ತಲೆಗೆ ಹಾಕಿಕೊಳ್ಳಲಿಲ್ಲ, "ರೊಟ್ಟಿ ಬಡಿಯೋ ಹೊತ್ತಿಗೆ ಮಾಡಬೇಡ ಅನ್ನು ಅವನಿಗೆ" ಅಂದಳು. ಗಡಿಯಾರ ಮತ್ತೆ ಹಿಂದಕ್ಕೆ ಇಡೋ ಅಕ್ಟೋಬರ್ ಕೊನೆಯ ಭಾನುವಾರದ ತನಕ ಅಲ್ಲಿನ ಐದಕ್ಕೆ ಮಾಡಪ್ಪಾ ಅಂತ ಮೆಸೇಜ್ ಹಾಕಿದ್ದೀನಿ.