ಓದುಗರ ಸ್ಪಂದನ: ರಿಪೋರ್ಟ್ ನಾರ್ಮಲ್, ಅಕ್ಕನಿಗೆ ನೋವು

ಕಳೆದ ವಾರ ಉಡುಪಿಯ ಓದುಗರೊಬ್ಬರು ತಮ್ಮ ಅಕ್ಕನ ಬಗ್ಗೆ ಬರೆದಿದ್ದರು. ನಾಲ್ಕು ವರ್ಷದಿಂದ ಹೊಟ್ಟೆನೋವು, ಕೈಕಾಲು ಉರಿ. ಸ್ಕ್ಯಾನ್, ಎಂಡೋಸ್ಕೋಪಿ ಎಲ್ಲ ನಾರ್ಮಲ್. ‘ಇದು ಮನಸ್ಸಿನದ್ದು ಅಂತ ಅವಳನ್ನು ಒಪ್ಪಿಸುವುದು ಹೇಗೆ?’ ಎಂಬುದು ಅವರ ಪ್ರಶ್ನೆ. ಕೊನೆಗೊಂದು ಸಾಲಿತ್ತು: ‘ಈಚೆಗೆ, ನಾನಿಲ್ಲದಿದ್ದರೆ ನಿಮಗೆಲ್ಲ ಆರಾಮ ಅನ್ನುತ್ತಾಳೆ.’ ಹೆಚ್ಚಿನವರು ಪ್ರಶ್ನೆ ಬಿಟ್ಟು ಆ ಸಾಲನ್ನೇ ಹಿಡಿದಿದ್ದಾರೆ.

ಕುಂದಾಪುರದಿಂದ: ಒಪ್ಪಿಸುವುದು ಯಾಕೆ? ನೋವು ಅವರದ್ದು. ಸಾಕ್ಷಿ ಕೇಳಲು ನೀವು ಯಾರು?

ಸುರತ್ಕಲ್‌ನಿಂದ: ನನಗೆ ಎದೆ ಹಿಡಿದ ಹಾಗಾಗುತ್ತಿತ್ತು. ಆರು ಡಾಕ್ಟರು, ಲೆಕ್ಕವಿಲ್ಲದಷ್ಟು ಇಸಿಜಿ. ಪ್ರತಿ ಸಲ ‘ಏನಿಲ್ಲಮ್ಮ’. ವಾಪಸ್ ಬರುವಾಗ ಬಸ್ಸಿನಲ್ಲಿ ನಮ್ಮವರು ಫೈಲನ್ನು ತೊಡೆ ಮೇಲಿಟ್ಟು, ಬಿಲ್ಲಿನ ಹಿಂದೆಯೇ ಖರ್ಚಿನ ಲೆಕ್ಕ ಬರೆಯುತ್ತಿದ್ದರು. ಬೈಯುತ್ತಿರಲಿಲ್ಲ. ಬೈದಿದ್ದರೆ ವಾಸಿ ಇತ್ತು. ಏನಾದರೂ ರೋಗ ಸಿಕ್ಕಲಿ ಅಂತ ಹರಕೆ ಹೇಳಿಕೊಂಡವಳು ನಾನು! ಆಮೇಲೆ ಬದುಕೇ ಬೇಡ ಅನಿಸತೊಡಗಿತು. ಒಂದು ಸಂಜೆ ಗಂಜಿ ಬಡಿಸುತ್ತಾ ಅತ್ತಿಗೆ ಕೇಳಿದರು, ‘ಸಾಯಬೇಕು ಅನಿಸ್ತದಾ?’ ಹೌದು ಅಂದೆ. ಗಂಜಿ ಆರಿ ಕೆನೆಗಟ್ಟಿತು, ಅತ್ತಿಗೆ ಏಳಲಿಲ್ಲ. ಆ ರಾತ್ರಿ ನನ್ನ ಕೋಣೆಯಲ್ಲೇ ಮಲಗಿದರು. ಮರುದಿನ ಮನೋವೈದ್ಯರ ಹತ್ತಿರ ಜೊತೆಗೇ ಬಂದರು. ಎದೆ ಹಿಡಿಯುವುದು ಈಗಲೂ ಇದೆ, ಕಮ್ಮಿ. ಸಾಯುವ ಯೋಚನೆ ಇಲ್ಲ.

ಅತ್ತಿಗೆಯ ಹಾಗೆ ನೇರ ಕೇಳಲು ಹಲವರಿಗೆ ಭಯ. ಮಂಗಳೂರಿನ ನಿವೃತ್ತ ನರ್ಸ್ ಒಬ್ಬರ ಮಾತು ಕೇಳಿ:

ತಮ್ಮಾ, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಳಗಿದ್ದರೆ ಹೊರಗೆ ಬರುತ್ತದೆ. ಇಂಥ ನೋವಿನವರಲ್ಲಿ ಖಿನ್ನತೆ ಕಾಣದಿದ್ದರೂ ಅಪಾಯ ಜಾಸ್ತಿ ಅಂತ ಅಧ್ಯಯನಗಳಲ್ಲಿ ಕಂಡಿದೆ. ಮನಸ್ಸಿನದ್ದೋ ದೇಹದ್ದೋ ಅನ್ನುವ ಜಗಳ ಬಿಡಿ. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 ಕೂಡ 2013ರಲ್ಲೇ, ಇಂಥ ನೋವನ್ನು ಕಾಯಿಲೆ ಅಂತ ಗುರುತಿಸಲು ‘ದೇಹದಲ್ಲಿ ಕಾರಣ ಸಿಗಬಾರದು’ ಎಂಬ ಷರತ್ತು ಕೈಬಿಟ್ಟಿತು. ಊರೆಲ್ಲ ಡಾಕ್ಟರನ್ನು ಸುತ್ತಬೇಡಿ. ಒಬ್ಬರನ್ನೇ ಹಿಡಿಯಿರಿ. ನೋವು ಜಾಸ್ತಿಯಾದಾಗ ಮಾತ್ರ ಅಲ್ಲ, ಗೊತ್ತು ಮಾಡಿದ ದಿನಕ್ಕೆ ಹೋಗಿ. ಮನೆಯ ಮಾತ್ರೆಗಳು ನಿಮ್ಮ ಕೈಯಲ್ಲಿರಲಿ.

ಬಂಟ್ವಾಳದಿಂದ: ಜ್ಯೋತಿಷಿಗಳ ಹತ್ತಿರ ಪ್ರಶ್ನೆ ಇಡಿಸಿದ್ದೀರಾ? ನಮ್ಮಲ್ಲಿ ನಾಗನಿಗೆ ತಂಬಿಲ ಕೊಟ್ಟ ಮೇಲೆ ಮಗಳ ತಲೆನೋವು ನಿಂತಿತು.

ತಂಬಿಲ ಆಗಲಿ. ಡಾಕ್ಟರ ಅಪಾಯಿಂಟ್‌ಮೆಂಟ್ ಅದಕ್ಕೆ ಕಾಯುವುದು ಬೇಡ.

ಪತ್ರ ಬರೆದವರಿಗೆ: ಅಕ್ಕನ ಹತ್ತಿರ ಇವತ್ತೇ ಕೂತು ಕೇಳಿ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಅಕ್ಕ ಒಪ್ಪದಿದ್ದರೆ ನೀವೇ ಮಾಡಿ.