ಮೂಳೆಯ ಔಷಧದ ಪ್ರಯೋಗಕ್ಕೆ ಆರೋಗ್ಯವಂತ ಮಹಿಳೆಯರ ಆಯ್ಕೆ: ಇಷ್ಟೊಂದು ತಪಾಸಣೆ ಏಕೆ?

ಪ್ರಶ್ನೆ – ಬದಿಯಡ್ಕದ ಓದುಗಿ

ಎಲ್ಲರಿಗೂ ನಮಸ್ಕಾರ. ನನಗೆ 56 ವರ್ಷ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ನಮಗೆ ಸ್ವಲ್ಪ ಅಡಿಕೆ ತೋಟವಿದೆ; ರಕ್ತದೊತ್ತಡವಾಗಲಿ ಸಕ್ಕರೆ ಕಾಯಿಲೆಯಾಗಲಿ ಇದುವರೆಗೆ ಬಂದಿಲ್ಲ. ಕೇರಳದ ಒಂದು ನಗರದಲ್ಲಿರುವ ಸಂಶೋಧನಾ ಕೇಂದ್ರವು ಮೂಳೆಯನ್ನು ಗಟ್ಟಿ ಮಾಡುವ ಡೆನೊಸುಮ್ಯಾಬ್ ಎಂಬ ಚುಚ್ಚುಮದ್ದಿನ ಹೊಸ ತಯಾರಿಕೆಯೊಂದನ್ನು ಪರೀಕ್ಷಿಸಲು ಮುಟ್ಟು ನಿಂತ ಆರೋಗ್ಯವಂತ ಮಹಿಳೆಯರನ್ನು ಹುಡುಕುತ್ತಿದೆ ಎಂಬ ಸಂಗತಿ ನಮ್ಮ ಕುಟುಂಬಶ್ರೀ ಮಹಿಳಾ ಸ್ವಸಹಾಯ ಕೂಟದ ಒಬ್ಬರ ಮೂಲಕ ತಿಳಿಯಿತು. ಮಾರುಕಟ್ಟೆಯಲ್ಲಿ ಈಗಾಗಲೇ ಇರುವ ಮದ್ದಿಗೆ ಸರಿಸಮಾನವಾದ ಬಯೋಸಿಮಿಲರ್ ಇದು ಎಂದು ಅವರು ಹೇಳುತ್ತಾರೆ. ಒಂದೇ ಬಾರಿ 60 ಮಿಲಿಗ್ರಾಂ ಮದ್ದನ್ನು ಚರ್ಮದಡಿಗೆ ಕೊಟ್ಟು, ಆಮೇಲೆ ಹಲವು ತಿಂಗಳು ರಕ್ತ ಪರೀಕ್ಷೆಗೆ ಕರೆಯುತ್ತಾರಂತೆ.

ನಾನು ಹೋಗಬೇಕೆಂದಿದ್ದೇನೆ. ಆದರೆ ಅದಕ್ಕೂ ಮೊದಲು ನಡೆಯುವ ಸ್ಕ್ರೀನಿಂಗ್‌ನ ಪಟ್ಟಿಯನ್ನು ನೋಡಿದಾಗ ಆರೋಗ್ಯವಂತರಿಗೆ ಇಷ್ಟೆಲ್ಲ ತಪಾಸಣೆ ಏಕೆ ಎಂಬ ಅನುಮಾನ ಹುಟ್ಟಿತು: ಮೂಳೆಯ ಸಾಂದ್ರತೆ ಅಳೆಯುವ ಬೆನ್ನು ಮತ್ತು ಸೊಂಟದ ಡೆಕ್ಸಾ ಸ್ಕ್ಯಾನ್, ಬರಿ ಹೊಟ್ಟೆಯಲ್ಲಿ ರಕ್ತ, ಇಸಿಜಿ, ಎಚ್‌ಐವಿ ಮತ್ತು ಕಾಮಾಲೆಯ ಪರೀಕ್ಷೆ, ಹಲ್ಲಿನ ತಪಾಸಣೆ, ಮುಟ್ಟು ನಿಂತದ್ದನ್ನು ಖಚಿತಪಡಿಸುವ ಹಾರ್ಮೋನು ಪರೀಕ್ಷೆ. ನನಗಿಂತ ಮೊದಲು ಹೋದ ನನ್ನ ನಾದಿನಿಯನ್ನು ಅವರು ತೆಗೆದುಕೊಳ್ಳಲಿಲ್ಲ. ಕಾರಣವನ್ನೂ ಸರಿಯಾಗಿ ಹೇಳದಿದ್ದುದರಿಂದ ಆಕೆಗೆ ಏನೋ ದೊಡ್ಡ ಕಾಯಿಲೆ ಇರಬೇಕೆಂದು ಮನೆಯವರೆಲ್ಲ ಹೆದರಿ ಕುಳಿತಿದ್ದಾರೆ. ಇನ್ನೊಂದು ವಿಷಯವೆಂದರೆ ಒಪ್ಪಿಗೆ ಪತ್ರ ಮಲಯಾಳ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಇದೆ. ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಮಲಯಾಳ ಮಾತನಾಡಲು ಬರುತ್ತದೆಯಾದರೂ ಹತ್ತಾರು ಪುಟಗಳನ್ನು ಓದಿ ಅರ್ಥ ಮಾಡಿಕೊಳ್ಳುವಷ್ಟಿಲ್ಲ. ನಾನು ದಿನವೂ ಎಲೆ ಅಡಿಕೆ ಹಾಕುತ್ತೇನೆ, ಗಂಟು ನೋವಿಗೆಂದು ಊರಿನ ಒಬ್ಬರು ಕೊಡುವ ಪುಡಿಯನ್ನೂ ಆಗಾಗ ತೆಗೆದುಕೊಳ್ಳುತ್ತೇನೆ. ಇವನ್ನೆಲ್ಲ ಹೇಳುವ ಅಗತ್ಯವಿದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ – ಮಂಜೇಶ್ವರ, ನಿವೃತ್ತ ಸಂಶೋಧನಾ ಸಂಯೋಜಕಿ

ಅಕ್ಕ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಹೇಳಲೇಬೇಕು, ಎರಡನ್ನೂ ಹೇಳಬೇಕು. ಗಂಟು ನೋವಿಗೆ ಕೊಡುವ ಹೆಸರಿಲ್ಲದ ಪುಡಿಗಳಲ್ಲಿ ಕೆಲವೊಮ್ಮೆ ಸ್ಟೀರಾಯ್ಡ್ ಬೆರೆತಿರುತ್ತದೆ. ಸ್ಟೀರಾಯ್ಡ್ ಮೂಳೆಯನ್ನು ತೆಳುವಾಗಿಸುವ ಔಷಧಗಳಲ್ಲಿ ಮೊದಲ ಸಾಲಿನದು. ಎಲೆ ಅಡಿಕೆಯ ಸುಣ್ಣದಲ್ಲಿ ಕ್ಯಾಲ್ಸಿಯಂ ಇದೆ, ಅತಿಯಾಗಿ ಮೆಲ್ಲುವವರಲ್ಲಿ ರಕ್ತದ ಕ್ಯಾಲ್ಸಿಯಂ ಏರಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಕೂದಲಿಗೆ, ಉಗುರಿಗೆ ಎಂದು ಮಾರುವ ಬಯೋಟಿನ್ ಮಾತ್ರೆಗಳೂ ಹಾರ್ಮೋನು ಪರೀಕ್ಷೆಗಳ ಫಲಿತಾಂಶವನ್ನು ತಪ್ಪಾಗಿ ತೋರಿಸಬಲ್ಲವು. ಮುಚ್ಚಿಟ್ಟರೆ ಆಯ್ಕೆಯಾಗುವ ಸಾಧ್ಯತೆ ಹೆಚ್ಚುತ್ತದೆ ನಿಜ, ಆದರೆ ಮದ್ದು ನಿಮ್ಮ ದೇಹದಲ್ಲಿ ಏನು ಮಾಡೀತೆಂದು ಲೆಕ್ಕ ಹಾಕುವವರ ಲೆಕ್ಕವೇ ಆಗ ತಪ್ಪುತ್ತದೆ.

ಇನ್ನು ತಪಾಸಣೆಗಳ ವಿಷಯ. ಡೆನೊಸುಮ್ಯಾಬ್ ಎಂಬುದು ಮೂಳೆಯನ್ನು ಕರಗಿಸುವ ಕೋಶಗಳು ಬೆಳೆಯಲು ಬೇಕಾದ ರ‍್ಯಾಂಕ್‌ಎಲ್ ಎಂಬ ಪ್ರೋಟೀನನ್ನು ಹಿಡಿದು ನಿಲ್ಲಿಸುವ ಪ್ರತಿಕಾಯ. ಮೂಳೆಯಿಂದ ರಕ್ತಕ್ಕೆ ಹರಿಯುವ ಕ್ಯಾಲ್ಸಿಯಂ ಇದರಿಂದ ಥಟ್ಟನೆ ತಗ್ಗುವುದರಿಂದ, ಮೊದಲೇ ಕ್ಯಾಲ್ಸಿಯಂ ಕಡಿಮೆ ಇರುವವರಿಗೆ ಕೈಕಾಲು ಸೆಳೆತ, ಬಾಯಿಯ ಸುತ್ತ ಜುಮ್ಮೆನ್ನುವಿಕೆ, ತೀವ್ರವಾದರೆ ಹೃದಯದ ಬಡಿತದಲ್ಲಿ ಏರುಪೇರು ಉಂಟಾಗಬಹುದು. ಅದಕ್ಕೆಂದೇ ಕ್ಯಾಲ್ಸಿಯಂ, ಆಲ್ಬುಮಿನ್, ವಿಟಮಿನ್ ಡಿ, ಕ್ಯಾಲ್ಸಿಯಂ ಮಟ್ಟವನ್ನು ಕಾಯುವ ಪ್ಯಾರಾಥೈರಾಯ್ಡ್ ಹಾರ್ಮೋನು, ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್ ಇವೆಲ್ಲವನ್ನು ನೋಡುತ್ತಾರೆ. ಆಲ್ಬುಮಿನ್ ಏಕೆಂದರೆ ರಕ್ತದ ಕ್ಯಾಲ್ಸಿಯಂನ ಸುಮಾರು ಶೇಕಡಾ 40ರಷ್ಟು ಪ್ರೋಟೀನುಗಳಿಗೆ, ಅದರಲ್ಲೂ ಮುಖ್ಯವಾಗಿ ಆಲ್ಬುಮಿನ್‌ಗೆ, ಅಂಟಿಕೊಂಡಿರುವುದರಿಂದ, ಅದನ್ನು ಸರಿಹೊಂದಿಸದೆ ಓದಿದ ಸಂಖ್ಯೆ ದಾರಿ ತಪ್ಪಿಸುತ್ತದೆ. ಮೂತ್ರಪಿಂಡ ತೀರ ಕೆಟ್ಟವರಲ್ಲಿ ಈ ಮದ್ದಿನಿಂದ ಕ್ಯಾಲ್ಸಿಯಂ ಅಪಾಯಕಾರಿಯಾಗಿ ಇಳಿಯಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಜನವರಿಯಲ್ಲಿ ಅತ್ಯಂತ ಗಂಭೀರ ದರ್ಜೆಯ ಎಚ್ಚರಿಕೆಯನ್ನೇ ಸೇರಿಸಿತು.

ಬರಿ ಹೊಟ್ಟೆಯಲ್ಲಿ ಬೆಳಗ್ಗೆಯೇ ರಕ್ತ ತೆಗೆಯುವುದಕ್ಕೂ ಕಾರಣವಿದೆ. ಮೂಳೆ ಎಷ್ಟು ಕರಗುತ್ತಿದೆ ಎಂಬುದನ್ನು ತೋರಿಸುವ ಸಿಟಿಎಕ್ಸ್ ಎಂಬ ಗುರುತು ಬೆಳಗಿನ ಜಾವ ಏರಿ ಮಧ್ಯಾಹ್ನಕ್ಕೆ ಇಳಿಯುತ್ತದೆ, ಊಟ ಮಾಡಿದರೂ ಇಳಿಯುತ್ತದೆ. ಬದಿಯಡ್ಕದಿಂದ ಹೊರಡುವವರು ಬಸ್ಸಿನಲ್ಲಿ ಒಂದು ಇಡ್ಲಿ ತಿಂದರೂ ಮದ್ದು ಕೆಲಸ ಮಾಡಿತೋ ಇಡ್ಲಿ ಕೆಲಸ ಮಾಡಿತೋ ಎಂದು ಹೇಳಲಾಗದ ಸ್ಥಿತಿ ಬರುತ್ತದೆ.

ನೀವು ಹೇಳಿದ ಹಾರ್ಮೋನು ಪರೀಕ್ಷೆ, ಅಂದರೆ ಮುಟ್ಟು ನಿಂತ ಮೇಲೆ ಏರುವ ಎಫ್‌ಎಸ್‌ಎಚ್ ಹಾರ್ಮೋನಿನ ಪರೀಕ್ಷೆಯ ಬಗ್ಗೆ ಹೇಳುವುದಾದರೆ, ಒಂದು ವರ್ಷ ಮುಟ್ಟಾಗದಿದ್ದರೆ ಋತುಬಂಧವೆಂದು ಲೆಕ್ಕ. ಆದರೆ ನಮ್ಮ ಕಡೆ ಗರ್ಭಕೋಶ ತೆಗೆಸಿಕೊಂಡ ಮಹಿಳೆಯರು ಸಾಕಷ್ಟಿದ್ದಾರೆ, ಅಂಡಾಶಯ ಉಳಿದಿದ್ದರೆ ಮುಟ್ಟು ನಿಂತಿದ್ದರೂ ಹಾರ್ಮೋನು ಹರಿಯುತ್ತಲೇ ಇರುತ್ತದೆ. ಅಂಥವರಲ್ಲಿ ಎಫ್‌ಎಸ್‌ಎಚ್ ಮಟ್ಟ 30 ಅಥವಾ 40 ದಾಟಿದೆಯೇ ಎಂದು ನೋಡಿಯೇ ಒಪ್ಪುತ್ತಾರೆ, ಯಾವ ಸಂಖ್ಯೆ ಎಂಬುದು ಆಯಾ ಪ್ರಯೋಗದ ಲಿಖಿತ ಯೋಜನೆಗೆ (ಪ್ರೋಟೋಕಾಲ್) ಬಿಟ್ಟದ್ದು. ಈ ಮದ್ದು ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲದು, ಹಾಗಾಗಿ ಇಲ್ಲಿ ಅಂದಾಜಿಗೆ ಅವಕಾಶವಿಲ್ಲ.

ಹಿಂದೆ ಎಂದಾದರೂ ಅಲೆಂಡ್ರೊನೇಟ್‌ನಂತಹ ವಾರಕ್ಕೊಂದು ನುಂಗುವ ಮೂಳೆಯ ಮಾತ್ರೆ ತೆಗೆದುಕೊಂಡಿದ್ದರೆ ಅದನ್ನೂ ಕೇಳುತ್ತಾರೆ. ಮಾತ್ರೆ ಬಿಟ್ಟು ವರ್ಷಗಳಾಗಿದ್ದರೂ ಔಷಧ ಮೂಳೆಯೊಳಗೆ ಕುಳಿತಿರುತ್ತದೆ. ಇಸಿಜಿ, ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆಗಳು ಬಹುತೇಕ ಎಲ್ಲ ಪ್ರಯೋಗಗಳಲ್ಲೂ ಇರುತ್ತವೆ, ಅವುಗಳಿಗೆ ಹೆದರಬೇಕಿಲ್ಲ.

ಉತ್ತರ – ಪೆರ್ಲದ ಗೃಹಿಣಿ

ನನ್ನನ್ನೂ ಇಂತಹದೇ ಒಂದು ಪ್ರಯೋಗದ ಸ್ಕ್ರೀನಿಂಗ್‌ನಲ್ಲಿ ಹೊರಗಿಟ್ಟಿದ್ದರು, ಆದ್ದರಿಂದ ನಿಮ್ಮ ನಾದಿನಿಯ ಮನೆಯವರ ಕಳವಳ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನನ್ನ ವಿಷಯದಲ್ಲಿ ಕಾರಣ ವಿಟಮಿನ್ ಡಿ. ಅವರ ಕನಿಷ್ಠ ಮಿತಿ ಮಿಲಿಲೀಟರಿಗೆ 20 ನ್ಯಾನೋಗ್ರಾಂ ಇತ್ತು, ನನ್ನದು ಅದಕ್ಕಿಂತ ಕೆಳಗಿತ್ತು. ಇಡೀ ದಿನ ಅಂಗಳದಲ್ಲಿ ಅಡಿಕೆ ಒಣಗಿಸುವವಳಿಗೆ ಬಿಸಿಲಿನ ಕೊರತೆಯೇ ಎಂದು ನಾನು ವಾದಕ್ಕೇ ನಿಂತಿದ್ದೆ. ಆದರೆ ಮೈತುಂಬ ಬಟ್ಟೆ, ಕಂದು ಚರ್ಮ, ಏರುವ ವಯಸ್ಸು, ಮಳೆಗಾಲದ ತಿಂಗಳುಗಳು ಇವೆಲ್ಲ ಸೇರಿದರೆ ಬಿಸಿಲಿನಲ್ಲಿ ದುಡಿಯುವವರಲ್ಲೂ ಕೊರತೆ ಇರಬಹುದೆಂದು ವೈದ್ಯರು ಹೇಳಿದರು. ನಿಗದಿತ ಅವಧಿಗೆ ವಿಟಮಿನ್ ಡಿ ತೆಗೆದುಕೊಂಡು ಮತ್ತೆ ಪರೀಕ್ಷೆಗೆ ಬರಬಹುದೆಂದೂ ಸೂಚಿಸಿದರು, ನಾನು ಮತ್ತೆ ಹೋಗಲಿಲ್ಲ.

ಹೊರಗುಳಿಯುವುದು ಎಂದರೆ ಆ ಒಂದು ಪ್ರಯೋಗದ ಚೌಕಟ್ಟಿಗೆ ಹೊಂದಲಿಲ್ಲ ಎಂದಷ್ಟೇ. ತೂಕ ಹೆಚ್ಚಾದರೂ ಕಡಿಮೆಯಾದರೂ ಹೊರಗೆ, ಕೀಳಿಸಬೇಕಾದ ಹಲ್ಲೊಂದು ಇದ್ದರೂ ಹೊರಗೆ, ಇತ್ತೀಚೆಗೆ ರಕ್ತದಾನ ಮಾಡಿದ್ದರೂ ಹೊರಗೆ. ಆದರೆ ಕಾರಣವನ್ನು ಮಾತ್ರ ಬಿಡದೆ ಕೇಳಿ ತಿಳಿದುಕೊಳ್ಳಬೇಕು.

ಪ್ರತಿಕ್ರಿಯೆ – ಬದಿಯಡ್ಕದ ಓದುಗಿ

ಇಬ್ಬರಿಗೂ ಕೃತಜ್ಞತೆಗಳು. ನಾದಿನಿಗೆ ಹುಳುಕು ಹಲ್ಲಿನ ತೊಂದರೆ ಇರುವುದು ನಿಜ, ಅದೇ ಕಾರಣವಿರಬಹುದೇ? ಹಲ್ಲಿಗೂ ಮೂಳೆಯ ಚುಚ್ಚುಮದ್ದಿಗೂ ಏನು ಸಂಬಂಧ ಎಂಬುದು ಮಾತ್ರ ತಿಳಿಯಲಿಲ್ಲ. ಒಪ್ಪಿಗೆ ಪತ್ರದ ಬಗ್ಗೆ ಸಂಯೋಜಕರು, "ನಾವೇ ಕನ್ನಡದಲ್ಲಿ ಓದಿ ಹೇಳುತ್ತೇವೆ, ನೀವು ಸಹಿ ಹಾಕಿದರೆ ಸಾಕು" ಎನ್ನುತ್ತಿದ್ದಾರೆ.

ಉತ್ತರ – ಕಾಸರಗೋಡು, ವಕೀಲ, ಪ್ರಯೋಗಗಳನ್ನು ಪರಿಶೀಲಿಸುವ ಒಂದು ನೀತಿ ಸಮಿತಿಯ (ಎಥಿಕ್ಸ್ ಕಮಿಟಿ) ಸದಸ್ಯ

ಓದಿ ಹೇಳಿದರೆ ಸಾಲದು, ತಾಯಿ. 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳ ಪ್ರಕಾರ ಭಾಗವಹಿಸುವವರಿಗೆ ತಿಳಿಯುವ ಭಾಷೆಯಲ್ಲಿ, ತಾಂತ್ರಿಕ ಪದಗಳ ಹೊರೆಯಿಲ್ಲದೆ, ಲಿಖಿತ ಮಾಹಿತಿ ಕೊಡಬೇಕು. ಆ ಪತ್ರಕ್ಕೆ ನೀತಿ ಸಮಿತಿಯ ಅನುಮೋದನೆಯೂ ಇರಬೇಕು. ಸಂಯೋಜಕರು ನಿಂತಲ್ಲೇ ಮಾಡುವ ಅನುವಾದವನ್ನು ಯಾವ ಸಮಿತಿಯೂ ಪರಿಶೀಲಿಸಿರುವುದಿಲ್ಲ. ಅಪಾಯಗಳ ಪುಟವನ್ನು ಅವರು ಎಷ್ಟು ಬೇಗ ದಾಟಿ ಹೋದರೆಂಬುದಕ್ಕೆ ಸಾಕ್ಷಿಯೂ ಉಳಿಯುವುದಿಲ್ಲ. ಭಾಷಾ ಅಲ್ಪಸಂಖ್ಯಾತರ ಜಿಲ್ಲೆಯಿಂದ ಸ್ವಯಂಸೇವಕಿಯರನ್ನು ಕರೆಯುವ ಕೇಂದ್ರವು ಕನ್ನಡ ಪ್ರತಿಯನ್ನು ಮೊದಲೇ ಸಿದ್ಧಪಡಿಸಿರಬೇಕಾಗಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ಕನ್ನಡ ಪತ್ರ ಬೇಕೆಂದು ಬರವಣಿಗೆಯಲ್ಲಿ ಕೇಳಿರಿ. ಸಹಿ ಮಾಡಿದ ಪತ್ರದ ಒಂದು ಪ್ರತಿ ನಿಮ್ಮ ಕೈಯಲ್ಲಿರಬೇಕು, ಸ್ಕ್ರೀನಿಂಗ್‌ನ ಮೊದಲ ಹನಿ ರಕ್ತ ತೆಗೆಯುವ ಮುನ್ನವೇ ಒಪ್ಪಿಗೆಯ ಕಲಾಪ ಮುಗಿದಿರಬೇಕು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ 2009ರಲ್ಲಿ ನಡೆದ, ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಯೋಜನೆಯಲ್ಲಿ, ಹಾಸ್ಟೆಲಿನಲ್ಲಿದ್ದ ಬಾಲಕಿಯರ ಪರವಾಗಿ ಹೆತ್ತವರ ಬದಲು ವಾರ್ಡನ್‌ಗಳೇ ಒಪ್ಪಿಗೆಗೆ ಸಹಿ ಹಾಕಿದ್ದುದು ಬಯಲಾಯಿತು. 2010ರಲ್ಲಿ ಯೋಜನೆ ನಿಂತಿತು, 2013ರಲ್ಲಿ ಸಂಸದೀಯ ಸಮಿತಿ ಕಟುವಾದ ವರದಿಯನ್ನೇ ಕೊಟ್ಟಿತು. ಇಂದಿನ ನಿಯಮಗಳ ಬಿಗಿತಕ್ಕೆ ಅಂತಹ ಪ್ರಕರಣಗಳೂ ಕಾರಣ.

ಹೋಗುವ ಮೊದಲು ಈ ಪ್ರಯೋಗವು ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ಪಟ್ಟಿಯಾದ ಸಿಟಿಆರ್‌ಐಯಲ್ಲಿ ಇದೆಯೇ ಎಂದು ಮಕ್ಕಳಿಂದಲಾದರೂ ಹುಡುಕಿಸಿ ನೋಡಿ. 2009ರ ಜೂನ್ 15ರಿಂದ ಇದು ಕಡ್ಡಾಯ, ಯಾರಿಗಾದರೂ ಶುಲ್ಕವಿಲ್ಲದೆ ತೆರೆಯುವ ಪಟ್ಟಿ. ಯಾವ ವಯಸ್ಸಿನವರು ಅರ್ಹರು, ಯಾರು ಅನರ್ಹರು ಎಂಬ ವಿವರವೂ ಅಲ್ಲೇ ಸಿಗುತ್ತದೆ, ಆದ್ದರಿಂದ ನಾದಿನಿಯವರ ಪ್ರಶ್ನೆಗೂ ಅಲ್ಲಿ ಅರ್ಧ ಉತ್ತರ ದೊರೆತೀತು. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ನಿಮ್ಮ ಹಕ್ಕು. ಯಾವ ಹಂತದಲ್ಲಾದರೂ ಕಾರಣ ಹೇಳದೆ ಹೊರಬರುವುದೂ ಹಕ್ಕು. ಕೂಟದಲ್ಲಿ ನಿಮಗೆ ಸುದ್ದಿ ಹೇಳಿದವರಿಗೆ ತಲೆಗಿಷ್ಟು ಎಂದು ಹಣ ಸಿಗುತ್ತಿದೆಯೇ ಎಂಬುದನ್ನೂ ಮೆಲ್ಲನೆ ವಿಚಾರಿಸಿ. ಸಿಗುತ್ತಿದ್ದರೆ ಅವರ ಸಲಹೆಯ ತೂಕವನ್ನು ಅಷ್ಟರಮಟ್ಟಿಗೆ ಇಳಿಸಿಕೊಳ್ಳಿ.

ಉತ್ತರ – ಉಪ್ಪಳ, ಮೂಳೆ ತಜ್ಞ

ಹಲ್ಲಿನ ಪ್ರಶ್ನೆಗೆ ಉತ್ತರ ಹೀಗಿದೆ. ಮೂಳೆಯ ಕರಗುವಿಕೆಯನ್ನು ತಡೆಯುವ ಔಷಧಗಳನ್ನು ಪಡೆದವರಲ್ಲಿ, ಹಲ್ಲು ಕಿತ್ತ ಜಾಗ ಮಾಯದೆ ದವಡೆಯ ಮೂಳೆ ಸಾಯುವ ತೊಂದರೆ ಅಪರೂಪಕ್ಕೆ ಕಾಣಿಸಿಕೊಳ್ಳುತ್ತದೆ. ಕ್ಯಾನ್ಸರ್ ರೋಗಿಗಳಿಗೆ ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ ಇದು ಹೆಚ್ಚು, 60 ಮಿಲಿಗ್ರಾಂ ಪ್ರಮಾಣದಲ್ಲಿ ತೀರ ಕಡಿಮೆ. ಆದರೂ ಕೀಳಿಸಬೇಕಾದ ಹಲ್ಲನ್ನು ಬಾಯಲ್ಲಿಟ್ಟುಕೊಂಡವರಿಗೆ ಇಂತಹ ಮದ್ದು ಕೊಡುವುದು ವಿವೇಕವಲ್ಲ. ನಾದಿನಿಯವರು ಮೊದಲು ದಂತವೈದ್ಯರನ್ನು ಕಾಣಲಿ.

ಡೆಕ್ಸಾ ಸ್ಕ್ಯಾನ್ ಬಗ್ಗೆ ಯಾರೂ ವಿವರಿಸಿಲ್ಲವಾದ್ದರಿಂದ ಸ್ವಲ್ಪ ಹೇಳುತ್ತೇನೆ. ಅದರ ಟಿ ಸ್ಕೋರ್, ಅಂದರೆ ಆರೋಗ್ಯವಂತ ಯುವತಿಯರ ಮೂಳೆ ಸಾಂದ್ರತೆಗೆ ಹೋಲಿಸಿ ಕೊಡುವ ಅಂಕ, ಮೈನಸ್ 1 ಅಥವಾ ಅದಕ್ಕಿಂತ ಮೇಲಿದ್ದರೆ ಸಹಜ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ರೋಗ. ಆರೋಗ್ಯವಂತರ ಪ್ರಯೋಗದಲ್ಲಿ ಈ ಎರಡನೆಯ ಗುಂಪಿನವರನ್ನು ಬಿಡುತ್ತಾರೆ, ಏಕೆಂದರೆ ಅವರಿಗೆ ಬೇಕಾದದ್ದು ಚಿಕಿತ್ಸೆ, ಒಂದು ಡೋಸಿನ ಪ್ರಯೋಗವಲ್ಲ. ಚಿಕಿತ್ಸೆಯ ಪ್ರಯೋಗಗಳಲ್ಲಿ ಇದು ತಿರುವುಮುರುವು: ಇದೇ ಮದ್ದಿನ ಫ್ರೀಡಂ ಎಂಬ ದೊಡ್ಡ ಅಧ್ಯಯನದಲ್ಲಿ 60ರಿಂದ 90 ವರ್ಷದ, ಟಿ ಸ್ಕೋರ್ ಮೈನಸ್ 2.5ಕ್ಕಿಂತ ಕೆಳಗಿದ್ದ 7,868 ಮಹಿಳೆಯರಿದ್ದರು. ಮೂರು ವರ್ಷಗಳಲ್ಲಿ ಬೆನ್ನುಮೂಳೆ ಮುರಿತ ಮದ್ದಿಲ್ಲದವರಲ್ಲಿ ಶೇಕಡಾ 7.2, ಮದ್ದು ಪಡೆದವರಲ್ಲಿ 2.3 ಇತ್ತು. ಅಂದರೆ ಔಷಧ ಒಳ್ಳೆಯದೇ, ಆದರೆ ಅದರ ಲಾಭ ಬೇಕಾಗಿರುವುದು ರೋಗಿಗೆ. ಆರೋಗ್ಯವಂತೆಯಾದ ನಿಮಗೆ ಇದರಿಂದ ಆರೋಗ್ಯದ ಲಾಭವೇನೂ ಇಲ್ಲವೆಂದು ತಿಳಿದೇ ಹೋಗಬೇಕು.

ಕೇಂದ್ರದವರನ್ನು ಒಂದು ವಿಷಯ ತಪ್ಪದೆ ಕೇಳಿರಿ. ಡೆನೊಸುಮ್ಯಾಬ್‌ನ ಪ್ರಭಾವ ಸುಮಾರು ಆರು ತಿಂಗಳಿಗೆ ಇಳಿಯುತ್ತದೆ. ಅನಂತರ ಮೂಳೆಯ ಕರಗುವಿಕೆ ಕೆಲಕಾಲ ಮೊದಲಿಗಿಂತಲೂ ಹೆಚ್ಚುತ್ತದೆ. ದೀರ್ಘಕಾಲ ಪಡೆದು ಹಠಾತ್ತನೆ ಬಿಟ್ಟವರಲ್ಲಿ ಒಂದಕ್ಕಿಂತ ಹೆಚ್ಚು ಬೆನ್ನುಮೂಳೆಗಳು ಮುರಿದ ಉದಾಹರಣೆಗಳಿವೆ. ಒಂದೇ ಡೋಸಿನಲ್ಲಿ ಅಷ್ಟು ಭಯ ಬೇಡ. ಆದರೂ ಪ್ರಭಾವ ಇಳಿದ ಮೇಲೆ ಎಷ್ಟು ಕಾಲ ನಿಮ್ಮನ್ನು ಗಮನಿಸುತ್ತಾರೆ, ಕೊನೆಗೊಮ್ಮೆ ಡೆಕ್ಸಾ ಮಾಡುತ್ತಾರೆಯೇ, ಆಗ ಸಾಂದ್ರತೆ ಕುಸಿದದ್ದು ಕಂಡರೆ ಮುಂದಿನ ಔಷಧದ ಖರ್ಚು ಯಾರದು ಎಂಬ ಮೂರಕ್ಕೂ ಉತ್ತರ ಆ ಕನ್ನಡ ಪತ್ರದಲ್ಲೇ ಬರೆದಿರಬೇಕು.

ಪ್ರತಿಕ್ರಿಯೆ – ಬದಿಯಡ್ಕದ ಓದುಗಿ

ಕನ್ನಡ ಪ್ರತಿ ಬೇಕೆಂದು ಇಂದು ಪತ್ರ ಬರೆದು ಕಳಿಸಿದ್ದೇನೆ, ಡಾಕ್ಟರು ಹೇಳಿದ ಮೂರು ಪ್ರಶ್ನೆಗಳನ್ನೂ ಅದರಲ್ಲಿ ಸೇರಿಸಿದ್ದೇನೆ. ಅವರಿಂದ ಉತ್ತರ ಬರುವವರೆಗೆ ಸ್ಕ್ರೀನಿಂಗ್‌ಗೆ ಹೋಗುವುದಿಲ್ಲ. ನಾದಿನಿಯ ರಕ್ತದ ವರದಿ ಮತ್ತು ಡೆಕ್ಸಾದ ಪ್ರತಿ ಕೊಡಬೇಕೆಂದೂ ಅವಳ ಸಹಿಯೊಂದಿಗೆ ಬೇರೆಯಾಗಿ ಕೇಳಿದ್ದೇವೆ.